ಮೀನಿನ ತೊಟ್ಟಿಯೂ ಸೊಪ್ಪಿನ ಮಡಿಯೂ

ವಿಜ್ಞಾನ ಪ್ರದರ್ಶನಗಳ ಕಾಲ ಬಂದಿತೆಂದರೆ ನಮ್ಮ ಶಾಲೆ ಕಾಲೇಜುಗಳಲ್ಲಿ ಒಂದು ಬಗೆಯ ಸಂಭ್ರಮ ತುಂಬಿಕೊಳ್ಳುತ್ತದೆ. ಮಣ್ಣಿನ ಜ್ವಾಲಾಮುಖಿಗಳು ಹೊಗೆಯುಗುಳುತ್ತವೆ, ರಟ್ಟಿನ ಗಾಳಿಯಂತ್ರಗಳು ತಿರುಗುತ್ತವೆ. ಈಚಿನ ಕೆಲವು ವರ್ಷಗಳಿಂದ ಇವುಗಳ ಜೊತೆಗೆ ಇನ್ನೊಂದು ಮಾದರಿಯೂ ಕಾಣಿಸಿಕೊಳ್ಳುತ್ತಿದೆ. ಕೆಳಗೆ ಗಾಜಿನ ತೊಟ್ಟಿಯಲ್ಲಿ ಮೀನು, ಮೇಲೆ ಒಂದು ತಟ್ಟೆಯಲ್ಲಿ ಜಲ್ಲಿ, ಜಲ್ಲಿಯಲ್ಲಿ ಬೇರೂರಿದ ಸೊಪ್ಪು, ನಡುವೆ ನೀರನ್ನು ಮೇಲಕ್ಕೆತ್ತುವ ಪುಟ್ಟ ಪಂಪು. ಮೀನಿನ ಹೊಲಸು ಗಿಡಕ್ಕೆ ಗೊಬ್ಬರವಾಗುತ್ತದೆ, ಗಿಡದ ಮಡಿಯು ಮೀನಿಗೆ ನೀರನ್ನು ಶುದ್ಧಮಾಡಿಕೊಡುತ್ತದೆ. ಇದಕ್ಕೆ ಅಕ್ವಾಪೋನಿಕ್ಸ್ ಎಂದು ಹೆಸರು. ಕನ್ನಡದಲ್ಲಿ ಮತ್ಸ್ಯ-ಸಸ್ಯ ಸಹಕೃಷಿ ಎನ್ನಬಹುದು.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳೂ ಇಂಥದೊಂದು ಮಾದರಿಯನ್ನು ಮಾಡಿದರು. ಮಾರ್ಗದರ್ಶನ ನನ್ನದು. ಪ್ರದರ್ಶನದ ಹಿಂದಿನ ಸಂಜೆ ಪೇಟೆಯಿಂದ ಹನ್ನೆರಡು ಮೀನುಗಳನ್ನು ತಂದು ನಲವತ್ತು ಲೀಟರು ನೀರಿಗೆ ಬಿಟ್ಟೆವು. ಜಲ್ಲಿಯನ್ನು ತೊಳೆದು ಬಿಳಿ ಮಾಡಿದ್ದೆವು. ನೋಡಿದವರೆಲ್ಲ ಮೆಚ್ಚಿದರು, ಎರಡನೆಯ ಬಹುಮಾನವೂ ಬಂದಿತು. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಏಳು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಸಂಜೆಯ ಹೊತ್ತಿಗೆ ಉಳಿದವೂ ಸತ್ತವು. “ಸಾರ್, ಗಿಡಗಳು ನೀರನ್ನು ಶುದ್ಧಮಾಡುತ್ತವೆಂದು ನಾವು ಎಲ್ಲರಿಗೂ ಹೇಳಿದೆವಲ್ಲ?” ಎಂದು ಒಬ್ಬ ಹುಡುಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮಾದರಿಗೆ ಬಹುಮಾನ ಬಂದದ್ದು ಅದು ಮಾಡದೆ ಇದ್ದ ಕೆಲಸಕ್ಕಾಗಿ ಎಂಬುದು ಆ ದಿನ ನನಗೆ ತಿಳಿಯಿತು.

ಆ ಪ್ರಶ್ನೆಯ ಉತ್ತರವಾದರೋ ಬಹಳ ಹಳೆಯದು. ಮೀನುಗಳು ತಿಂದ ಸಸಾರಜನಕದಲ್ಲಿರುವ ಸಾರಜನಕದ ಬಹುಭಾಗವನ್ನು ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ನೀರಿಗೆ ಬಿಡುತ್ತವೆ. ಈ ಅಮೋನಿಯ ಮೀನಿಗೇ ವಿಷ. ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಾಣುಜೀವಿಗಳು. ೧೮೭೭ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ವಿಜ್ಞಾನಿಗಳು ಮರಳು ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹರಿಸಿ ನೋಡಿದರು. ಮೊದಲ ಸುಮಾರು ಇಪ್ಪತ್ತು ದಿನ ಅಮೋನಿಯ ಹಾಗೆಯೇ ಹೊರಬಂದಿತು, ಆಮೇಲೆ ಅದರ ಬದಲು ನೈಟ್ರೇಟ್ ಬರತೊಡಗಿತು. ಕೊಳವೆಯೊಳಕ್ಕೆ ಕ್ಲೋರೋಫಾರ್ಮ್ ಆವಿಯನ್ನು ಬಿಟ್ಟೊಡನೆ ಆ ಕ್ರಿಯೆ ನಿಂತುಹೋಯಿತು. ಮರಳಿನಲ್ಲಿ ಕೆಲಸ ಮಾಡುತ್ತಿದ್ದುದು ಬರಿಯ ರಸಾಯನವಲ್ಲ, ಜೀವ ಎಂಬುದು ಹೀಗೆ ಸಿದ್ಧವಾಯಿತು. ೧೮೯೦ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ. ಎರಡು ಹೆಜ್ಜೆಗಳನ್ನೂ ಒಂದೇ ಜೀವಿ ಪೂರೈಸಬಲ್ಲದೆಂದು ೨೦೧೫ರಲ್ಲಿ ಕಂಡುಬಂದಿತು.

ಆ ಇಪ್ಪತ್ತು ದಿನಗಳನ್ನು ಗಮನಿಸಬೇಕು. ಜೀವಿಗಳು ಜಲ್ಲಿಯ ಮೈಮೇಲೆ ನೆಲೆಯೂರಿ ಸಂಖ್ಯೆಯಲ್ಲಿ ಬೆಳೆಯಲು ಅಷ್ಟು ಕಾಲ ಬೇಕೇಬೇಕು, ಎಷ್ಟೋ ವೇಳೆ ಅದಕ್ಕಿಂತಲೂ ಹೆಚ್ಚು. ನಾವು ಒಂದು ರಾತ್ರಿಯ ಕಾಲವನ್ನೂ ಕೊಟ್ಟಿರಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ತಿಳಿದಿದ್ದ ಸಂಗತಿಯನ್ನು ಮರೆತು ಮೀನುಗಳನ್ನು ಕೊಂದೆವು. ಆದುದರಿಂದ ಮತ್ಸ್ಯ-ಸಸ್ಯ ಸಹಕೃಷಿ ಎರಡು ದಿನದ ಪ್ರದರ್ಶನಕ್ಕೆ ತಕ್ಕ ವಸ್ತುವಲ್ಲ, ಒಂದು ವರ್ಷದ ಪ್ರಯೋಗಕ್ಕೆ ತಕ್ಕ ವಸ್ತು ಎಂಬುದು ನನ್ನ ಅಭಿಪ್ರಾಯ. ಆ ಪ್ರಯೋಗಕ್ಕೆ ಬೇಕಾದುದನ್ನೆಲ್ಲ ಗುಜರಿ ಅಂಗಡಿಯಿಂದಲೇ ತರಬಹುದು.

ಮೀನನ್ನೂ ಬೆಳೆಯನ್ನೂ ಜೊತೆಗೂಡಿಸುವ ಯೋಚನೆ ಹೊಸದಲ್ಲ. ಚೀನದ ರೈತರು ಬಹಳ ಹಿಂದಿನಿಂದಲೂ ಭತ್ತದ ಗದ್ದೆಗಳಲ್ಲಿ ಮೀನು ಸಾಕುತ್ತ ಬಂದಿದ್ದಾರೆ. ನಮ್ಮ ಅಘನಾಶಿನಿ ನದೀಮುಖದ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತವೂ ಮೀನು ಸಿಗಡಿಗಳೂ ಒಂದೇ ನೆಲದಿಂದ ದೊರೆಯುತ್ತವೆ. ಮಣ್ಣಿಲ್ಲದೆ ನೀರನ್ನೇ ಸುತ್ತಿಸುವ ಈಗಿನ ಪದ್ಧತಿಯು ೧೯೭೦ರ ದಶಕದಿಂದೀಚೆಗೆ ಅಮೆರಿಕದ ನ್ಯೂ ಆಲ್ಕೆಮಿ ಸಂಸ್ಥೆ, ವರ್ಜಿನ್ ದ್ವೀಪಗಳ ವಿಶ್ವವಿದ್ಯಾನಿಲಯ ಮೊದಲಾದೆಡೆ ರೂಪುಗೊಂಡಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ೨೦೧೪ರಲ್ಲಿ ಸಣ್ಣ ಪ್ರಮಾಣದ ಸಹಕೃಷಿಯನ್ನು ಕುರಿತು ವಿವರವಾದ ಕೈಪಿಡಿಯನ್ನೇ ಪ್ರಕಟಿಸಿತು. ಹಳೆಯ ಪೀಪಾಯಿಗಳಿಂದ ತೊಟ್ಟಿ ಕಟ್ಟುವ ವಿಧಾನವೂ ಅದರಲ್ಲಿ ಉಂಟು.

ನಾವು ಎರಡನೆಯ ಸಲ ಕಟ್ಟಿದುದು ಹೀಗೆ. ಇನ್ನೂರು ಲೀಟರಿನ ಎರಡು ನೀಲಿ ಪ್ಲಾಸ್ಟಿಕ್ ಪೀಪಾಯಿಗಳನ್ನು ಕೊಂಡೆವು. ಒಂದರ ತಲೆಯನ್ನು ಕತ್ತರಿಸಿ ನೆಟ್ಟಗೆ ನಿಲ್ಲಿಸಿದೆವು, ಅದು ಮೀನಿನ ತೊಟ್ಟಿ. ಇನ್ನೊಂದನ್ನು ಉದ್ದಕ್ಕೆ ಸೀಳಿದಾಗ ತೊಟ್ಟಿಲಿನಂಥ ಎರಡು ಭಾಗಗಳು ದೊರೆತವು. ಅವುಗಳಲ್ಲಿ ಒಂದಕ್ಕೆ ಜಲ್ಲಿ ತುಂಬಿ ಮಡಿಯಾಗಿಸಿದೆವು, ಅದರ ವಿಸ್ತೀರ್ಣ ಸುಮಾರು ಅರ್ಧ ಚದರ ಮೀಟರು. ಕಟ್ಟಡವೊಂದರ ಕೆಲಸ ಮುಗಿದ ಮೇಲೆ ಬಿದ್ದಿದ್ದ ಸಿಮೆಂಟ್ ಇಟ್ಟಿಗೆಗಳು ಮಡಿಗೆ ಪೀಠವಾದವು. ಮಡಿಯ ನೀರು ತಾನಾಗಿ ಏರಿ ಇಳಿಯಲು ಒಂದು ಸೈಫನ್ ಬೇಕು. ಮಡಿಯ ತಳದಿಂದ ನಿಂತ ಕೊಳವೆಯ ಮೇಲೆ ಬುಡ ಕತ್ತರಿಸಿದ ಬಾಟಲಿಯೊಂದನ್ನು ಗಂಟೆಯಂತೆ ಕವಿಚಿ, ಅದರ ಮೂತಿಯನ್ನು ಬಿಗಿಯಾಗಿ ಮುಚ್ಚಿ, ಕೆಳಂಚಿನಲ್ಲಿ ನೀರು ಒಳನುಗ್ಗಲು ಕಂಡಿಗಳನ್ನು ಕೊರೆದರೆ ಅದೂ ಸಿದ್ಧ. ನೀರು ಕೊಳವೆಯ ಬಾಯನ್ನು ಮೀರಿದಾಗ ಗಂಟೆಯೊಳಗಿನ ಗಾಳಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಬಳಿಕ ವಾಯುಮಂಡಲದ ಒತ್ತಡವು ಮಡಿಯ ನೀರನ್ನೆಲ್ಲ ಕೊಳವೆಯೊಳಕ್ಕೆ ತಳ್ಳುತ್ತದೆ. ಕಂಡಿಗಳ ಮಟ್ಟಕ್ಕೆ ನೀರು ಇಳಿದೊಡನೆ ಗಾಳಿ ಒಳಹೊಕ್ಕು ಹರಿವು ನಿಲ್ಲುತ್ತದೆ, ಮಡಿ ಮತ್ತೆ ತುಂಬತೊಡಗುತ್ತದೆ. ಪ್ರತಿಸಲ ನೀರು ಇಳಿದಾಗಲೂ ಬೇರುಗಳಿಗೂ ಸೂಕ್ಷ್ಮಾಣುಜೀವಿಗಳಿಗೂ ಹೊಸ ಗಾಳಿ ಸಿಗುತ್ತದೆ. ಪುಸ್ತಕದಲ್ಲಿ ಸೈಫನ್ನಿನ ಚಿತ್ರವನ್ನು ಬರೆದು ಅಂಕ ಪಡೆದವರಿಗೆ ಇದನ್ನು ಸರಿಯಾಗಿ ನಡೆಸಲು ಎಂಟು ದಿನ ಹಿಡಿಯಿತು. ನೀರಿನ ಹರಿವು ತೀರ ಸಣ್ಣದಾದರೆ ಅದು ಕೊಳವೆಯ ಅಂಚಿನಿಂದ ಜಿನುಗಿ ಹೋಗುತ್ತದೆಯೇ ಹೊರತು ಸೈಫನ್ ಹೂಡುವುದಿಲ್ಲ.

ಗುಜರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಗ್ಗವಾಗಿ ದೊರೆತುದೆಲ್ಲ ಯೋಗ್ಯವಲ್ಲ. ಕೀಟನಾಶಕವನ್ನೋ ಕಾರ್ಖಾನೆಯ ರಸಾಯನವನ್ನೋ ತುಂಬಿದ್ದ ಪೀಪಾಯಿಯನ್ನು ಎಷ್ಟು ತೊಳೆದರೂ ಬಳಸಬಾರದು. ಏನು ತುಂಬಿದ್ದರೆಂದು ತಿಳಿಯದಿದ್ದರೆ ಬಿಟ್ಟುಬಿಡುವುದೇ ಲೇಸು. ತಾಮ್ರ, ಹಿತ್ತಾಳೆಯ ಕೊಳವೆಗಳೂ ಸತು ಲೇಪಿಸಿದ ತಗಡೂ ಮೀನಿಗೆ ಹಾನಿಕರ. ಜಲ್ಲಿಯ ಮೇಲೆ ನಿಂಬೆಯ ರಸ ಹಿಂಡಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣದ ಕಲ್ಲಿದೆಯೆಂದು ಅರ್ಥ, ಅದು ನೀರನ್ನು ಕ್ಷಾರೀಯವಾಗಿಸುತ್ತದೆ. ಕ್ಷಾರೀಯತೆಗೆ ಇಲ್ಲಿ ವಿಶೇಷ ಮಹತ್ವವುಂಟು. ೨೫ ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿಎಚ್ ೭ ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷಕರವಾದ ರೂಪವು ನೂರಕ್ಕೆ ಅರ್ಧದಷ್ಟು ಮಾತ್ರ. ಪಿಎಚ್ ೮ ಆದರೆ ಅದು ನೂರಕ್ಕೆ ಐದನ್ನು ಮೀರುತ್ತದೆ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಗಡುಸು ನೀರನ್ನು ಬಳಸುವವರು ಇದನ್ನು ಮರೆಯಬಾರದು.

ತಾರಸಿಯ ಮೇಲೆ ಕಟ್ಟುವ ಆಸೆ ಪಟ್ಟಣದವರಿಗೆ ಸಹಜ. ಮೊದಲು ಲೆಕ್ಕ ಹಾಕಬೇಕು. ತೊಟ್ಟಿಯಲ್ಲಿ ನೂರ ಎಂಬತ್ತು ಲೀಟರು ನೀರಿದ್ದರೆ ಅದರ ತೂಕ ನೂರ ಎಂಬತ್ತು ಕಿಲೋಗ್ರಾಂ. ಅದು ನಿಂತ ನೆಲ ಕಾಲು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಎಂದರೆ ಆ ಜಾಗದಲ್ಲಿ ಚದರ ಮೀಟರಿಗೆ ಸುಮಾರು ೬೮೦ ಕಿಲೋ ಭಾರ ಬೀಳುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕವು ಗೊತ್ತುಮಾಡಿರುವ ಹೊರೆ ಚದರ ಮೀಟರಿಗೆ ಸುಮಾರು ೧೫೦ ಕಿಲೋ. ಜಲ್ಲಿಯ ಮಡಿಯದು ಬೇರೆ, ನೀರು ಸೇರಿ ಅದೂ ಇನ್ನೂರು ಕಿಲೋ ಸಮೀಪಿಸುತ್ತದೆ. ಆದುದರಿಂದ ಹಿತ್ತಿಲೇ ಇದಕ್ಕೆ ಸರಿಯಾದ ಸ್ಥಳ.

ಇನ್ನು ವಿದ್ಯುತ್ತಿನ ಮಾತು. ಗಂಟೆಗೆ ಇನ್ನೂರು ಲೀಟರು ನೀರನ್ನು ಒಂದು ಮೀಟರು ಎತ್ತರಿಸಲು ಬೇಕಾದ ಶಕ್ತಿ ಎರಡು ಸಾವಿರ ಜೂಲ್‌ಗಿಂತ ಕಡಿಮೆ. ಅದು ಅರ್ಧ ವಾಟಿಗಿಂತ ತುಸು ಹೆಚ್ಚಷ್ಟೆ. ನಾವು ಕೊಂಡ ಪಂಪು ಎಳೆಯುತ್ತಿದ್ದುದು ಹದಿನೆಂಟು ವಾಟು! ಅದು ಹಗಲಿರುಳೂ ನಡೆದರೆ ತಿಂಗಳಿಗೆ ಹದಿಮೂರು ಯೂನಿಟ್ಟು. ಇದನ್ನು ಲೆಕ್ಕ ಹಾಕಿದ ಹುಡುಗನೊಬ್ಬ ಪಂಪನ್ನು ಕಿತ್ತು ಬೆಳಿಗ್ಗೆ ಸಂಜೆ ಇಪ್ಪತ್ತು ಇಪ್ಪತ್ತು ಬಕೆಟ್ಟು ನೀರನ್ನು ಕೈಯಿಂದಲೇ ಎತ್ತಿ ಹೊಯ್ಯತೊಡಗಿದ. ಮೀನು ಕೆಲವೇ ಇದ್ದುದರಿಂದ ಅದೂ ಸಾಕಾಯಿತು. ಯಂತ್ರದ ದಕ್ಷತೆ ಎಂದರೇನೆಂದು ನನ್ನ ಉಪನ್ಯಾಸಗಳಿಗಿಂತ ಆ ಬಕೆಟ್ಟೇ ಚೆನ್ನಾಗಿ ಕಲಿಸಿತು.

ಪಂಪನ್ನೇ ನಂಬಿದವರಿಗೆ ಇನ್ನೊಂದು ಲೆಕ್ಕವುಂಟು. ೩೦ ಡಿಗ್ರಿಯಲ್ಲಿ ಒಂದು ಲೀಟರು ನೀರು ಹಿಡಿದಿಡಬಲ್ಲ ಆಮ್ಲಜನಕ ಸುಮಾರು ೭.೫ ಮಿಲಿಗ್ರಾಂ. ತೊಟ್ಟಿಯಲ್ಲೆಲ್ಲ ಸೇರಿ ಒಂದೂವರೆ ಗ್ರಾಮೂ ಇಲ್ಲ. ಒಂದು ಕಿಲೋ ಮೀನು ಗಂಟೆಗೆ ಸುಮಾರು ಕಾಲು ಗ್ರಾಂ ಬಳಸಿದರೆ, ವಿದ್ಯುತ್ತು ಹೋದ ಮೂರು ನಾಲ್ಕು ಗಂಟೆಗಳಲ್ಲಿ ಅವು ನೀರಿನ ಮೇಲೆ ಬಾಯಿ ತೆರೆಯತೊಡಗುತ್ತವೆ. ಐದು ಕಿಲೋ ಮೀನು ತುಂಬಿದ್ದರೆ ಒಂದು ಗಂಟೆಯೂ ಸಾಲದು. ಆದುದರಿಂದ ಇಂಥ ತೊಟ್ಟಿಗೆ ಒಂದು ಕಿಲೋ ಮೀನೇ ಮಿತಿಯೆಂದು ಇಟ್ಟುಕೊಳ್ಳುವುದು ಒಳ್ಳೆಯದು. ಗೆಂಡೆ ಮೀನಿನ ಮರಿಗಳು ಸಾಕು. ಸಾಕುವುದು ನಿಷಿದ್ಧವಾದ ಆಫ್ರಿಕದ ಕ್ಯಾಟ್‌ಫಿಶ್ ಬೇಡ. ಯಾವ ಮೀನನ್ನೇ ಆಗಲಿ ಕೆರೆ ಹೊಳೆಗಳಿಗೆ ಬಿಟ್ಟುಬರಬಾರದು.

ಈ ಪದ್ಧತಿಯ ಹೊಗಳಿಕೆ ಕೆಲವು ಕಡೆ ಮಿತಿಮೀರಿದೆ. ಖರ್ಚಿಲ್ಲದೆ ಮನೆಮಂದಿಗೆಲ್ಲ ಮೀನು ತರಕಾರಿ ಸಿಗುವುದೆಂದು ಹೇಳುವವರಿದ್ದಾರೆ. ಶೂನ್ಯದಿಂದ ಏನೂ ಹುಟ್ಟುವುದಿಲ್ಲವೆಂಬ ನಿಯಮ ನಮ್ಮ ಹಿತ್ತಿಲಿಗೂ ಅನ್ವಯಿಸುತ್ತದೆ. ಒಂದು ಕಿಲೋ ಮೀನಿಗೆ ದಿನಕ್ಕೆ ಇಪ್ಪತ್ತು ಗ್ರಾಂ ಆಹಾರ ಬೇಕು. ಅದನ್ನು ಹೊರಗಿನಿಂದಲೇ ತರಬೇಕು. ಅದರಲ್ಲಿರುವ ಸಾರಜನಕ ಸುಮಾರು ಒಂದು ಗ್ರಾಂ. ಮೀನು ಇರಿಸಿಕೊಳ್ಳುವುದು ಕಾಲುಭಾಗದಿಂದ ಮೂರನೆಯ ಒಂದು ಭಾಗ, ಮಿಕ್ಕುದು ನೀರಿಗೆ. ಅದು ಅರ್ಧ ಚದರ ಮೀಟರು ಸೊಪ್ಪಿಗೆ ಸಾಕಾಗುತ್ತದೆ, ಹೆಚ್ಚಿಗೆ ಅಲ್ಲ. ತಿಂಗಳಿಗೆ ಮೀನಿನ ತೂಕ ಹೆಚ್ಚುವುದು ಸುಮಾರು ಮುನ್ನೂರೈವತ್ತು ಗ್ರಾಂ. ಪೊಟ್ಯಾಸಿಯಮ್, ಕಬ್ಬಿಣಗಳ ಕೊರತೆಯೂ ಬರುತ್ತದೆ, ಎಳೆಯ ಎಲೆಗಳು ಹಳದಿಯಾದಾಗ ಕಬ್ಬಿಣದ ಅಂಶವನ್ನು ಬೇರೆಯಾಗಿ ಕೊಡಬೇಕು. ನಿಜವಾದ ಲಾಭವೆಂದರೆ ನೀರಿನದು. ಅದೇ ನೀರು ಸುತ್ತುವುದರಿಂದ ಆವಿಯಾಗಿ ಹೋದಷ್ಟನ್ನೂ ಗಿಡ ಹೀರಿದಷ್ಟನ್ನೂ ಮಾತ್ರ ತುಂಬಿದರೆ ಸಾಕು. ಬರದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಮನೆಯ ಖರ್ಚನ್ನು ಇದು ನೀಗಿಸುವುದೆಂದು ಮಕ್ಕಳಿಗೆ ಹೇಳುವುದು ಸುಳ್ಳು ಹೇಳಿದಂತೆ.

ಹಾಗಾದರೆ ಇದನ್ನು ಏಕೆ ಕಟ್ಟಬೇಕು? ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಹರಿದುಹೋಗಿರುವ ವಿಜ್ಞಾನವು ಇಲ್ಲಿ ಒಂದಾಗಿ ಕಾಣಿಸುತ್ತದೆ ಎಂಬುದಕ್ಕಾಗಿ. ಒತ್ತಡ, ಶಕ್ತಿ, ದ್ರಾವಣ, ಜೀವಕೋಶ ಎಲ್ಲವೂ ಒಂದೇ ಪೀಪಾಯಿಯಲ್ಲಿವೆ. ನಮ್ಮ ಎರಡನೆಯ ತೊಟ್ಟಿಗೆ ಮೀನನ್ನು ಬಿಡಲಿಲ್ಲ. ಹಳೆಯ ಕಲ್ಯಾಣಿಯೊಂದರ ಅಂಚಿನಿಂದ ತಂದ ಒಂದು ಹಿಡಿ ಪಾಚಿಗಟ್ಟಿದ ಕಲ್ಲುಗಳನ್ನು ಮಡಿಯಲ್ಲಿ ಬೆರೆಸಿ, ಬರಿಯ ನೀರಿಗೆ ದಿನವೂ ಚಿಟಿಕೆ ಆಹಾರ ಹಾಕಿದೆವು. ನಲ್ಲಿಯ ನೀರನ್ನು ಬಳಸಿದಾಗ ಕ್ಲೋರೀನ್ ಆರಿಹೋಗಲೆಂದು ಒಂದು ದಿನ ತೆರೆದಿಟ್ಟೆವು. ಅಲಂಕಾರ ಮೀನಿನ ಅಂಗಡಿಯಲ್ಲಿ ದೊರೆಯುವ ಪರೀಕ್ಷಾದ್ರವಗಳಿಂದ ಮಕ್ಕಳು ದಿನದಿನದ ಅಂಕೆಗಳನ್ನು ಬರೆದಿಟ್ಟರು. ಅಮೋನಿಯ ಏರಿತು, ಬಳಿಕ ಇಳಿಯಿತು. ನೈಟ್ರೈಟ್ ಏರಿತು, ಅದೂ ಇಳಿಯಿತು. ಮೂವತ್ತೆಂಟನೆಯ ದಿನ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಉಳಿಯಿತು. ಆಗ ಆರು ಮರಿಗಳನ್ನು ಬಿಟ್ಟೆವು. ವರ್ಷ ಕಳೆದರೂ ಆರೂ ಬದುಕಿದ್ದುವು. ಮಡಿಯಲ್ಲಿ ಪುದೀನವೂ ಹೊನಗೊನ್ನೆಯೂ ಒಂದೆಲಗವೂ ಹಬ್ಬಿದ್ದುವು.

ಆ ಮೂವತ್ತೆಂಟು ದಿನಗಳಲ್ಲಿ ನೋಡಲು ಬಂದವರಿಗೆ ಕಂಡದ್ದು ಒಂದು ಪೀಪಾಯಿ ಖಾಲಿ ನೀರು ಮಾತ್ರ. ಅದಕ್ಕೆ ಯಾವ ತೀರ್ಪುಗಾರರೂ ಬಹುಮಾನ ಕೊಡುತ್ತಿರಲಿಲ್ಲ. ಆದರೂ ಮಾಡಿದ ಕೆಲಸವೆಲ್ಲ ಆಗಲೇ ನಡೆದುದು. ಪ್ರದರ್ಶನಗಳನ್ನು ಏರ್ಪಡಿಸುವವರು ಮಾದರಿಯ ಅಂದವನ್ನು ನೋಡುವುದರ ಜೊತೆಗೆ ಅದು ಎಷ್ಟು ದಿನದಿಂದ ನಡೆಯುತ್ತಿದೆ, ದಿನಚರಿಯ ಪುಸ್ತಕವೆಲ್ಲಿ ಎಂದು ಕೇಳುವಂತಾಗಬೇಕು. ಅವರು ಕೇಳುವವರೆಗೆ ವಿದ್ಯಾರ್ಥಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ. ನನ್ನ ಮೇಜಿನ ಮೇಲೆ ಆ ಎರಡನೆಯ ಬಹುಮಾನದ ಫಲಕ ಈಗಲೂ ಇದೆ, ಅದರ ಪಕ್ಕದಲ್ಲಿ ನೀರಿನ ಕಲೆ ಹತ್ತಿದ ಆ ದಿನಚರಿಯೂ ಇದೆ. ಹೊಸ ವಿದ್ಯಾರ್ಥಿಗಳು ಬಂದಾಗ ನಾನು ಕೈಗೆ ಕೊಡುವುದು ದಿನಚರಿಯನ್ನು.