ಕೊಳ್ಳುವ ಕೈಗೂ ಧರ್ಮವಿದೆ

ಹಲಸೂರಿಗೆ ಹೊಂದಿಕೊಂಡ ಮರ್ಫಿ ಟೌನ್ ಬೆಂಗಳೂರು ದಂಡು ಪ್ರದೇಶದ ಹಳೆಯ ಶ್ರಮಿಕರ ಬಡಾವಣೆ. ಅಲ್ಲಿ ದಲಿತ ಕುಟುಂಬಗಳು ಬಹಳಷ್ಟಿವೆ. ದುಡಿದ ಹಣ ಹಿಡಿದು ಅವರು ಇಂದಿರಾನಗರದ ಅಂಗಡಿಗೆ ಹೋದರೆ ಹಣಕ್ಕೆ ಯಾರೂ ಜಾತಿ ಕೇಳುವುದಿಲ್ಲ. ಅದೇ ಬಡಾವಣೆಯ ತಾಯಿಯೊಬ್ಬಳು ನಮ್ಮ ಮನೆಯ ಮದುವೆಗೆ ಅಡುಗೆ ಮಾಡಿಕೊಡುತ್ತೇನೆ ಎಂದರೆ? ಆಗ ಕುಲದ ವಿಚಾರಣೆ ಶುರುವಾಗುತ್ತದೆ. ಅವರು ಕೊಟ್ಟ ನೋಟಿಗೆ ಮೈಲಿಗೆಯಿಲ್ಲ, ಬಡಿಸಿದ ಅನ್ನಕ್ಕೆ ಮಾತ್ರ ಇದೆ!

ಕೊಳ್ಳುವವರ ಬಲ ಏನೆಂಬುದನ್ನು ಅಮೆರಿಕದ ಕಪ್ಪು ಜನರು ತೋರಿಸಿಕೊಟ್ಟರು. ಮಾಂಟ್ಗೊಮರಿ ನಗರದಲ್ಲಿ 1955ರ ಡಿಸೆಂಬರಿನಿಂದ 381 ದಿನ ಅವರು ಸಿಟಿ ಬಸ್ ಹತ್ತಲಿಲ್ಲ, ನಡೆದೇ ದುಡಿಮೆಗೆ ಹೋದರು. ಪ್ರಯಾಣಿಕರಲ್ಲಿ ಹೆಚ್ಚಿನವರು ಅವರೇ ಆಗಿದ್ದರಿಂದ ಬಸ್ ಕಂಪನಿ ತತ್ತರಿಸಿತು. ಸುಪ್ರೀಂ ಕೋರ್ಟಿನ ತೀರ್ಪೂ ಬಂದು, ಬಣ್ಣ ನೋಡಿ ಸೀಟು ಕೊಡುವ ಪದ್ಧತಿ ಕೊನೆಗೊಂಡಿತು.

ನಮ್ಮ ದಲಿತರೂ ಹಾಗೆಯೇ ಮಾಡಲಿ ಎನ್ನುವುದು ಸುಲಭ. ಆದರೆ ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಉಳ್ಳವರ ಅಸ್ತ್ರ. ಹಕ್ಕು ಕೇಳಿದವರಿಗೆ ಕೂಲಿಯಿಲ್ಲ, ಕಿರಾಣಿಯಿಲ್ಲ, ಹಿಟ್ಟಿನ ಗಿರಣಿಯಿಲ್ಲ! ಇದನ್ನು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧವೆಂದು ಸೇರಿಸಲು 2015ರ ತಿದ್ದುಪಡಿಯೇ ಬೇಕಾಯಿತು. ಆ ಹೊಲ, ಅಂಗಡಿ, ಗಿರಣಿಗಳು ಅನೇಕ ಊರುಗಳಲ್ಲಿ ಲಿಂಗಾಯತರ ಕೈಯಲ್ಲೇ ಇವೆ. ಆದ್ದರಿಂದ ಹಣದ ಬಲವನ್ನು ಸಮಾನತೆಗೆ ತಿರುಗಿಸುವ ಮೊದಲ ಹೊಣೆ ನಮ್ಮದು.

ಕರ್ನಾಟಕ ಸರ್ಕಾರ ನಿಗದಿತ ಮೊತ್ತದವರೆಗಿನ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10ರಷ್ಟು ಮೀಸಲಿಟ್ಟಿದೆ. ಮಠಗಳು ಕಾನೂನಿಗೆ ಕಾಯಬೇಕಿಲ್ಲ. ಪ್ರಸಾದ ನಿಲಯದ ಅಕ್ಕಿಬೇಳೆ, ಮಕ್ಕಳ ಸಮವಸ್ತ್ರ, ಶಾಲೆಯ ಕಟ್ಟಡ, ಜಾತ್ರೆಯ ಪೆಂಡಾಲು, ಇವುಗಳ ವೆಚ್ಚ ಸಣ್ಣದಲ್ಲ. ಅದರಲ್ಲಿ ಗೊತ್ತಾದ ಒಂದು ಪಾಲು ದಲಿತ ವ್ಯಾಪಾರಿಗಳಿಗೆ, ಗುತ್ತಿಗೆದಾರರಿಗೆ ಸಲ್ಲಲಿ. ದಾಸೋಹದ ಅಡುಗೆಮನೆಯಲ್ಲಿ ಅವರು ಸೌಟು ಹಿಡಿಯಲಿ. ದಲಿತರಿಗೆ ಬೇರೆ ಲೋಟ ಇಡುವ ಹೋಟೆಲು, ಕ್ಷೌರ ನಿರಾಕರಿಸುವ ಅಂಗಡಿಯ ಮೆಟ್ಟಿಲನ್ನು ಶರಣರ ಮಕ್ಕಳು ತುಳಿಯದಿರಲಿ.

ಇದು ದಾನವಲ್ಲ. ಕಾಯಕಕ್ಕೆ ಸಲ್ಲಬೇಕಾದ ಬೆಲೆ. ಹರಳಯ್ಯ, ಕಕ್ಕಯ್ಯ, ಚೆನ್ನಯ್ಯನವರಿಗೆ ಜಯಕಾರ ಹಾಕಿ, ಅವರ ಬಂಧುಗಳ ಅಂಗಡಿಯನ್ನು ದಾಟಿ ಮುಂದೆ ಹೋಗುವವರು ಬಸವಣ್ಣನವರನ್ನೂ ದಾಟಿಹೋದಂತೆಯೇ. ಈ ವರ್ಷದ ಬಸವ ಜಯಂತಿಯ ಖರ್ಚಿನ ಪಟ್ಟಿಯಿಂದಲೇ ಇದು ಆರಂಭವಾಗಲಿ.