ದುರ್ಯೋಧನ ಟಿವಿಗೆ ಬರಲೇ ಇಲ್ಲ!

ಅಭಿಮಾನಿ ಮಿತ್ರರೇ, ಈ ವಾರ ತಾರೆಯರ ಸುದ್ದಿ ಸ್ವಲ್ಪ ಪಕ್ಕಕ್ಕಿರಲಿ. ನನ್ನದೇ ಒಂದು ಫ್ಲಾಪ್ ಚಿತ್ರದ ಕಥೆ ಹೇಳ್ತೀನಿ ಕೇಳಿ. ನಿರ್ಮಾಪಕ ನಾನೇ, ಹಂಚಿಕೆದಾರನೂ ನಾನೇ. ತೆರೆ ಕಾಣಬೇಕಿದ್ದ ಜಾಗ, ತಿಪಟೂರಿನ ಹತ್ತಿರ ನಮ್ಮ ಸೋದರಮಾವನ ಮನೆ ಟಿವಿ. ಹೀರೋ ಕೂಡ ಮಾವನೇ!

ತುಮಕೂರು ಕಡೆಯವರಿಗೆ ಕುರುಕ್ಷೇತ್ರ ನಾಟಕದ ಹುಚ್ಚು ಎಂಥದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಸಾಕು, ಹೊಲ ಉಳುವವನೂ ಕಿರೀಟ ಇಟ್ಟುಕೊಂಡು ಬೆಳಗಾಗುವವರೆಗೆ ಹಾಡ್ತಾನೆ. 2007ರ ಜಾತ್ರೆಯಲ್ಲಿ ಮಾವ ದುರ್ಯೋಧನ. ನಾನು ಬೆಂಗಳೂರಿನಿಂದ ಕ್ಯಾಮೆರಾ ಕಡ ತಂದು ಎರಡು ಗಂಟೆ ಶೂಟಿಂಗ್ ಮಾಡಿದೆ. ಕಂಪ್ಯೂಟರಿಗೆ ಇಳಿಸಿ, ಡಿವಿಡಿ ಬರೆದು, ಮೇಲೆ ಮಾವನ ಫೋಟೋ ಇರೋ ಸ್ಟಿಕ್ಕರ್ ಅಂಟಿಸಿ ಕೊಟ್ಟೆ. ಆಮೇಲೆ ಅದೇ ಟೇಪಿನ ಮೇಲೆ ಯಾರದೋ ಮದುವೆ ಹಿಡಿದೆ. ಕಂಪ್ಯೂಟರಿನಲ್ಲಿ ಇದ್ದದ್ದನ್ನೂ ಜಾಗ ಸಾಲದೆ ಅಳಿಸಿದೆ. ಎಂಥಾ ಜಾಣ ನೋಡಿ!

2023ರಲ್ಲಿ ಮಾವ ಹೋದರು. ವರ್ಷದ ತಿಥಿಯ ದಿನ ಊಟ ಮುಗಿದ ಮೇಲೆ ಅತ್ತೆ ಟ್ರಂಕಿನಿಂದ ಆ ಡಿವಿಡಿ ತೆಗೆದು, "ಇವತ್ತಾದ್ರೂ ಹಾಕಪ್ಪ, ನೋಡೋಣ" ಅಂದರು.

"ಇವತ್ತಾದ್ರೂ ಅಂದ್ರೆ? ನೀವು ನೋಡೇ ಇಲ್ವಾ ಅತ್ತೆ?"

"ಅವತ್ತೂ ಬರಲಿಲ್ಲ ಕಣಪ್ಪ. ನಮ್ಮ ಮಿಷಿನ್ನೇ ಸರಿ ಇಲ್ಲ ಅಂದ್ಕೊಂಡ್ವಿ. ಅಷ್ಟು ಕಷ್ಟಪಟ್ಟು ಮಾಡಿದಾನೆ, ಹೇಳಿದ್ರೆ ಹುಡುಗ ನೊಂದ್ಕೋತಾನೆ ಅಂತ ನಿಮ್ಮ ಮಾವ ಬಾಯೇ ಬಿಡಲಿಲ್ಲ."

ಹದಿನಾರು ವರ್ಷ, ಸ್ವಾಮೀ! ತನ್ನ ದುರ್ಯೋಧನನನ್ನು ತಾನೇ ನೋಡದೆ ಮಾವ ಹೋಗಿಬಿಟ್ಟರು. ನನಗೆ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸಿತು.

ಸರಿ, ಪತ್ತೇದಾರಿ ಚಿತ್ರದ ಹಾಗೆ ಒಬ್ಬೊಬ್ಬ ಆಪಾದಿತನನ್ನೇ ಹಿಡಿದು ವಿಚಾರಣೆಗೆ ಕೂತೆ. ಮೊದಲು ಟಿವಿ. ಪರದೆ ಬರೀ ನೀಲಿ. ರಿಮೋಟಿನಲ್ಲಿ ಎವಿ ಒತ್ತಿದೆ. ಹಿಂದಿನ ವೈರು ನೋಡಿದೆ: ಹಳದಿ ಚಿತ್ರಕ್ಕೆ, ಕೆಂಪು-ಬಿಳುಪು ಧ್ವನಿಗೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿವೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಹಾಕಿದೆ. ಹಾಡು, ಫೈಟು ಎಲ್ಲಾ ಜೋರಾಗಿ ಬಂತು! ಟಿವಿ, ವೈರು ನಿರಪರಾಧಿಗಳು. ಪ್ಲೇಯರನ್ನು ಮಾತ್ರ ಪೂರ್ತಿ ಬಿಡುವ ಹಾಗಿಲ್ಲ. ಅಂಗಡಿ ಡಿಸ್ಕು ಅಚ್ಚು ಒತ್ತಿದ್ದು, ಮನೆ ಡಿಸ್ಕು ಲೇಸರಿನಿಂದ ಬಣ್ಣದ ಪದರದ ಮೇಲೆ ಸುಟ್ಟು ಬರೆದದ್ದು. ಲೆನ್ಸ್ ಹಳೆಯದಾದರೆ ಮೊದಲನೆಯದನ್ನು ಓದಿ, ಎರಡನೆಯದಕ್ಕೆ ತಡವರಿಸುತ್ತೆ.

ಮುಂದೆ ಧೂಳು. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ದೋಸೆ ಕಾವಲಿ ಒರೆಸಿದ ಹಾಗೆ ಸುತ್ತ ಒರೆಸಬಾರದು ಗುರುವೇ! ಆದರೂ ಬರಲಿಲ್ಲ. ಒಳಗಿನಿಂದ ಗರ್ ಗರ್ ಸದ್ದು ಬೇರೆ. ತೆಗೆದು ನೋಡಿದರೆ ನಾನು ಅಂಟಿಸಿದ ಸ್ಟಿಕ್ಕರ್ ಅಂಚಿನಲ್ಲಿ ಉಬ್ಬಿದೆ. ತೂಕ ಒಂದು ಕಡೆಗೆ ವಾಲಿ ಡಿಸ್ಕು ತೂಗಾಡ್ತಿದೆ. ಕಿತ್ತರೆ ಡಿಸ್ಕೇ ಹಾಳಾದೀತೆಂದು ಮುಟ್ಟಲಿಲ್ಲ.

ಬೆಂಗಳೂರಿಗೆ ತಂದು ಗೆಳೆಯನ ಹಳೇ ಕಂಪ್ಯೂಟರಿಗೆ ಹಾಕಿದೆ. ತೆರೆಯಿತು! ಅಲ್ಲೇ ನಿಜವಾದ ಖಳನಾಯಕ ಸಿಕ್ಕಿಬಿದ್ದ. ಟಿವಿಯಲ್ಲಿ ಓಡುವ ಡಿವಿಡಿಯಲ್ಲಿ 'ವಿಡಿಯೋ ಟಿಎಸ್' ಅನ್ನೋ ಫೋಲ್ಡರ್, ಅದರೊಳಗೆ ವಿಒಬಿ, ಐಎಫ್ಒ ಫೈಲುಗಳು ಇರಬೇಕು. ಇದರಲ್ಲಿ ಇದ್ದದ್ದು ಒಂದೇ ಒಂದು ಎವಿಐ ಫೈಲು! ಕಂಪ್ಯೂಟರ್ ಹತ್ತಾರು ಭಾಷೆ ಬಲ್ಲದು. ಸಾದಾ ಡಿವಿಡಿ ಪ್ಲೇಯರಿಗೆ ಎಂಪೆಗ್-2 ಅನ್ನೋ ಭಾಷೆಯೇ ಬೇಕು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ 720×576 ಅಳತೆ, ಸೆಕೆಂಡಿಗೆ 25 ಚಿತ್ರ. ನಾನು 'ವಿಡಿಯೋ' ಅಂತ ಆರಿಸದೆ 'ಡೇಟಾ' ಅಂತ ಬರೆದಿದ್ದೆ. ಕಂಪ್ಯೂಟರಿನಲ್ಲಿ ಬಂತು, ಟಿವಿಯಲ್ಲೂ ಬರುತ್ತೆ ಅಂದ್ಕೊಂಡೆ. ಒಂದು ಸಲ ಮಾವನ ಪ್ಲೇಯರಿಗೇ ಹಾಕಿ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗ್ತಿತ್ತು.

ತಕ್ಷಣ ನಕಲು ತೆಗೆಯೋಕೆ ಹೊರಟೆ. ಕೊನೆಯ ಕಾಲು ಗಂಟೆ ಬರಲೇ ಇಲ್ಲ. ಡಿವಿಡಿ ಬರೆಯೋದು ನಡುವಿನಿಂದ ಅಂಚಿಗೆ. ನಾನು ಅಂಚಿನವರೆಗೂ ತುಂಬಿಸಿದ್ದೆ. ಸ್ಟಿಕ್ಕರ್ ಉಬ್ಬಿದ್ದೂ ಅಲ್ಲೇ. ಗದಾಯುದ್ಧ ಹೋಯಿತು!

ಮಿತ್ರರೇ, 1934ರ 'ಸತಿ ಸುಲೋಚನ' ಕನ್ನಡದ ಮೊದಲ ವಾಕ್ಚಿತ್ರ ಅಂತ ನಾವೆಲ್ಲ ಎದೆಯುಬ್ಬಿಸಿ ಹೇಳ್ತೀವಿ. ನೋಡೋಣ ಅಂದರೆ ಪ್ರಿಂಟೇ ಉಳಿದಿಲ್ಲ. ದೊಡ್ಡ ಚಿತ್ರಕ್ಕೇ ಹೀಗಾದರೆ, ನಿಮ್ಮ ಬೀರುವಿನಲ್ಲಿರೋ ಅಕ್ಕನ ಮದುವೆ ಡಿವಿಡಿ ಯಾವ ಲೆಕ್ಕ? ಅದಕ್ಕೇ ಕೇಳಿಕೊಳ್ಳೋದು, ಓಡಲ್ಲ ಅಂತ ಯಾವ ಡಿಸ್ಕನ್ನೂ ಬಿಸಾಡಬೇಡಿ. ಬೇರೆ ಪ್ಲೇಯರಿಗೆ ಹಾಕಿ, ಕಂಪ್ಯೂಟರಿಗೆ ಹಾಕಿ. ತೆರೆದ ಗಳಿಗೆಯಲ್ಲೇ ನಕಲು ತೆಗೆದು ಎರಡು ಕಡೆ ಇಡಿ. ಹೊಸದಾಗಿ ಬರೆಯೋದಾದರೆ ವಿಡಿಯೋ ಡಿವಿಡಿ ಅಂತಲೇ ಆರಿಸಿ. ಎನ್‌ಟಿಎಸ್‌ಸಿ ಬೇಡ, ಪಾಲ್ ಇರಲಿ. ಇಲ್ಲದಿದ್ದರೆ ಕೆಲವು ಹಳೇ ಟಿವಿಗಳಲ್ಲಿ ಬಣ್ಣದ ಚಿತ್ರ ಕಪ್ಪು-ಬಿಳುಪಾದೀತು! 16ರ ವೇಗದ ಅವಸರ ಬೇಡ, 4 ಅಥವಾ 8 ಸಾಕು. ಕೊನೆಗೆ 'ಫೈನಲೈಸ್' ಮಾಡೋದು ಮರೀಬೇಡಿ. ಸ್ಟಿಕ್ಕರ್ ಬದಲು ಮೆತ್ತನೆ ಮಾರ್ಕರಿನಲ್ಲಿ ಹೆಸರು ಬರೆಯಿರಿ. ಬಿಸಿಲಿಗೆ ಇಡಬೇಡಿ.

ಉಳಿದ ಭಾಗವನ್ನು ಹೀಗೇ ಬರೆದು ಮುಂದಿನ ಭಾನುವಾರವೇ ಊರಿಗೆ ಒಯ್ದೆ. ಅದೇ ಹಳೇ ಪ್ಲೇಯರಿಗೆ ಹಾಕಿದೆ. ಪರದೆ ಸರಿಯಿತು. ಮಾವ ಗದೆ ಹೊತ್ತು ಬಂದರು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಎಡಗಡೆ ಮೀಸೆ ಕಿತ್ತೋಗ್ತಿದೆ ನೋಡು. ಅವತ್ತೇ ಹೇಳ್ದೆ, ಕೇಳಲಿಲ್ಲ" ಅಂದರು.

ನಿಮ್ಮ ಬೀರು ಈ ಭಾನುವಾರವೇ ತೆಗೆಯಿರಿ. ಜೊತೆಗೆ ನೋಡಬೇಕಾದವರು ಮನೆಯಲ್ಲಿರುವಾಗಲೇ ಹಾಕಿ ನೋಡಿ. ಮುಂದಿನ ವಾರ ಮತ್ತೆ ಸಿಗೋಣ!