ಆರು ಹೋಗಿ ನಾಲ್ಕು ಬಂತು

ಚೆನ್ನಾಗಿರೋ ಎಂಜಿನ್ನನ್ನೇ ಕಂಪನಿಯವರು ಯಾಕೆ ತೆಗೆದುಹಾಕ್ತಾರೆ? ಕಾರಿನ ಹುಚ್ಚಿರೋ ಗೆಳೆಯರು ಸೇರಿದಾಗ ಈ ಪ್ರಶ್ನೆ ಬಂದೇ ಬರುತ್ತೆ. ಆಗೆಲ್ಲ ನಾನು ಪೋರ್ಷೆ ಕಥೆ ಹೇಳ್ತೀನಿ.

ಪೋರ್ಷೆಯ ಬಾಕ್ಸ್‌ಸ್ಟರ್, ಕೇಮನ್ ಎರಡರಲ್ಲೂ ಮೊದಲಿಂದ ಆರು ಸಿಲಿಂಡರ್. 2016ರಲ್ಲಿ ಹೆಸರಿಗೆ 718 ಸೇರಿತು, ಆರರ ಜಾಗಕ್ಕೆ ನಾಲ್ಕು ಸಿಲಿಂಡರಿನ ಟರ್ಬೊ ಬಂತು. ಕಾಗದದ ಮೇಲೆ ನಷ್ಟವೇನಿಲ್ಲ. ಬೇಸ್ ಬಾಕ್ಸ್‌ಸ್ಟರ್‌ನ ಹಳೇ 2.7 ಲೀಟರ್ ಎಂಜಿನ್ನಿನ ಶಕ್ತಿ 265 ಪಿಎಸ್, ಹೊಸ 2 ಲೀಟರಿನದು 300.

ಮತ್ಯಾಕೆ ಗೊಣಗಾಟ? ಸದ್ದು ಸ್ವಾಮಿ, ಸದ್ದು! ಹಳೆಯದು ರಾಗ ಎಳೆದ ಹಾಗೆ ಏರುತ್ತಿತ್ತು, ಹೊಸದು ಬರೀ ಗೊರಗೊರ.

ಆದರೆ ಸರ್ಕಾರಗಳು ಅಳೆಯೋದು ಸದ್ದಿನ ಸೊಗಸನ್ನಲ್ಲ. ಯುರೋಪಿನಲ್ಲಿ ಮಾರಿದ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಮಿತಿ ಮೀರಿದ್ರೆ ತಯಾರಕರಿಗೆ ದಂಡ. ಚೀನಾದಲ್ಲಿ 2.7 ಲೀಟರ್ ಎಂಜಿನ್ನಿಗೆ ಶೇ 12 ಬಳಕೆ ತೆರಿಗೆ, 2 ಲೀಟರಿಗೆ ಶೇ 5 ಅಷ್ಟೇ. (ನಮ್ಮಲ್ಲಿ ಇಷ್ಟೊಂದು ಸಣ್ಣ ಪೆಟ್ರೋಲ್ ಕಾರುಗಳು 1,197, 1,199 ಸಿಸಿಗೇ ಯಾಕೆ ನಿಲ್ತವೆ ಅಂದುಕೊಂಡ್ರಿ? ತೆರಿಗೆಯ ಗೆರೆ 1,200ರಲ್ಲಿದೆ!) ಜೊತೆಗೆ ಪ್ರತಿ ಎಂಜಿನ್ನಿಗೂ ಬೇರೆ ಹೊಗೆ ಪರೀಕ್ಷೆ, ಬೇರೆ ಬಿಡಿಭಾಗ. ಕಡಿಮೆ ಮಾರಾಟವಾಗೋ ಎಂಜಿನ್ ಈ ಖರ್ಚನ್ನ ಹೊರೋದು ಕಷ್ಟ.

ತಮಾಷೆ ಮುಂದಿದೆ. 2019ರಲ್ಲಿ ಕೇಮನ್ ಜಿಟಿ4, 2020ರಲ್ಲಿ ಜಿಟಿಎಸ್ ಮಾಡೆಲ್‌ಗಳಿಗೆ ಟರ್ಬೊ ಇಲ್ಲದ 4 ಲೀಟರಿನ ಆರು ಸಿಲಿಂಡರ್ ವಾಪಸ್ ಬಂತು. ಜಿಟಿಎಸ್‌ನಲ್ಲಿ 400 ಪಿಎಸ್, ಜೊತೆಗೆ ಆ ಹಳೇ ರಾಗ. ಆದ್ರೆ ದುಬಾರಿ ಮಾಡೆಲ್‌ಗಳಿಗೆ ಮಾತ್ರ. ಬೇಸ್ ಕಾರು ಕೊಂಡವರಿಗೆ ನಾಲ್ಕೇ ಗತಿ.